ಒಂದು ಪುನರ್ಪುಳಿ ಸಿರಪ್, ಎರಡು ರಿಪೋರ್ಟ್: ಪೊಟೆನ್ಶಿಯೊಮೆಟ್ರಿಕ್ ಟೈಟ್ರೇಶನ್ ಎಲ್ಲಿ ಗೆದ್ದಿತು, ಎಲ್ಲಿ ಸೋತಿತು

ಕರಾವಳಿಯ ಒಂದು ಸಣ್ಣ ಘಟಕದ ಪುನರ್ಪುಳಿ ಸಿರಪ್. ಒಂದೇ ಬ್ಯಾಚಿನ ಎರಡು ಬಾಟಲಿಗಳು ಎರಡು ಪ್ರಯೋಗಾಲಯಗಳಿಗೆ ಹೋಗಿದ್ದವು. ಒಂದರ ರಿಪೋರ್ಟಿನಲ್ಲಿ ಆಮ್ಲೀಯತೆ ಶೇಕಡಾ 1.5, ಇನ್ನೊಂದರಲ್ಲಿ 1.8. ಎರಡರಲ್ಲೂ ‘ಸಿಟ್ರಿಕ್ ಆಮ್ಲದ ಲೆಕ್ಕದಲ್ಲಿ’ ಎಂದೇ ಇತ್ತು. ಸಿರಪ್ ಕೊಳ್ಳುವ ವ್ಯಾಪಾರಿಗೆ ಸಂಶಯ ಹತ್ತಿತು: ಸಿಟ್ರಿಕ್ ಆಮ್ಲದ ಪುಡಿ ಜಾಸ್ತಿ ಸುರಿದು ಹಣ್ಣಿನ ರಸ ಕಡಿಮೆ ಮಾಡಿದ್ದಾರೆ ಎಂದು. ಘಟಕ ನಡೆಸುವ ಮಹಿಳೆ ಅದೇ ಬ್ಯಾಚಿನ ಮೂರನೆಯ ಬಾಟಲಿ ಹಿಡಿದುಕೊಂಡು ನಾನು ಕೆಲಸ ಮಾಡುವ ಲ್ಯಾಬಿಗೆ ಬಂದರು. “ಒಂದೇ ಡ್ರಮ್ಮಿಂದ ತುಂಬಿಸಿದ್ದು ಮಾರಾಯ್ರೆ. ಹುಳಿ ದಾರಿಯಲ್ಲಿ ಹೆಚ್ಚಾಗ್ತದಾ?” ಸಿಟ್ರಿಕ್ ಆಮ್ಲ ಹಾಕುವುದನ್ನು ಅವರು ಮುಚ್ಚಿಡಲಿಲ್ಲ. ಸ್ವಲ್ಪ ಹಾಕುತ್ತಾರೆ, ಲೇಬಲ್ಲಿನ ಮೇಲೂ ಇದೆ. ವ್ಯಾಪಾರಿಯ ತಕರಾರು ಎಷ್ಟು ಎಂಬುದರ ಬಗ್ಗೆ.

ಹಾಗಾಗಿ ಪ್ರಶ್ನೆಗಳು ಎರಡು. 1.5 ಸರಿಯೋ, 1.8 ಸರಿಯೋ? ಆ ಹುಳಿಯಲ್ಲಿ ಹಣ್ಣಿನದೆಷ್ಟು, ಪುಡಿಯದೆಷ್ಟು? ಮೊದಲನೆಯದಕ್ಕೆ ಪೊಟೆನ್ಶಿಯೊಮೆಟ್ರಿಕ್ ಟೈಟ್ರೇಶನ್ (ಕ್ಷಾರ ಹನಿಸುತ್ತ, ಬಣ್ಣ ನೋಡುವ ಬದಲು ಇಲೆಕ್ಟ್ರೋಡಿನ ಅಂಕಿ ನೋಡಿ ಅಂತಿಮ ಬಿಂದು ಹುಡುಕುವುದು) ಒಂದು ಮಧ್ಯಾಹ್ನದಲ್ಲಿ ಉತ್ತರ ಕೊಟ್ಟಿತು. ಎರಡನೆಯದಕ್ಕೆ ಕೊಡಲಿಲ್ಲ, ಕೊಡಲು ಅದಕ್ಕೆ ಸಾಧ್ಯವೂ ಇಲ್ಲ. ಈ ಎರಡಕ್ಕೂ ಕಾರಣ ಒಂದೇ: ಇಲೆಕ್ಟ್ರೋಡ್ ಬಣ್ಣ ನೋಡದೆ ಪ್ರೋಟಾನು ಎಣಿಸುತ್ತದೆ, ಅದು ಯಾವ ಆಮ್ಲದ್ದು ಎಂದು ಕೇಳುವುದಿಲ್ಲ.

ಕಣ್ಣು ಎಲ್ಲಿ ಮೋಸ ಹೋಯಿತು

ಕಡಿಮೆ ತೋರಿಸಿದ ರಿಪೋರ್ಟಿನ ಕೆಳಗೆ ವಿಧಾನ ಬರೆದಿತ್ತು: ದಶಾಂಶ ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್, ಫಿನಾಲ್ಫ್ತಲೀನ್ ಸೂಚಕ. ಪಿಯುಸಿ ಓದಿದವರಿಗೆಲ್ಲ ಗೊತ್ತಿರುವ ವಿಧಾನ. ಬಣ್ಣವಿಲ್ಲದ ದ್ರಾವಣಕ್ಕೆ ಅದನ್ನು ಮೀರಿಸಿದ ಸುಲಭ ದಾರಿ ಇಲ್ಲ. ಆದರೆ ಪುನರ್ಪುಳಿಗೆ, ಉತ್ತರ ಕನ್ನಡದವರು ಮುರುಗಲು ಎನ್ನುವ ಅದೇ ಹಣ್ಣಿಗೆ, ಆ ಕೆಂಪು ಬಂದಿರುವುದು ಆಂಥೋಸಯನಿನ್‌ಗಳಿಂದ. ಅವೇ ಸ್ವತಃ ಸೂಚಕಗಳು. ಕ್ಷಾರ ಬಿದ್ದಂತೆಲ್ಲ ಬಣ್ಣ ಬದಲಿಸುತ್ತವೆ.

ಬೀಕರಿನ ಕೆಳಗೆ ಬಿಳಿ ಟೈಲ್ ಇಟ್ಟು ನೋಡಿದೆವು. ನೀರು ಬೆರೆಸಿದ ಸಿರಪ್ ಮೊದಲಿಗೆ ಗುಲಾಬಿಗೆಂಪು. ಕ್ಷಾರ ಹನಿಸುತ್ತ ಹೋದಂತೆ ಕೆಂಪು ಮಂಕಾಗಿ ತೊಳೆದ ನೀರಿನಂತಾಯಿತು. ಆಮೇಲೆ ನೇರಳೆ, ಅದರ ಬೆನ್ನಿಗೆ ಬೂದು ಬೆರೆತ ನೀಲಿ, ಕೊನೆಗೆ ಪಾಚಿಯ ಛಾಯೆ. ಫಿನಾಲ್ಫ್ತಲೀನ್‌ನ ತಿಳಿಗುಲಾಬಿ ಕಾಣಿಸಬೇಕಾದದ್ದು ಪಿಎಚ್ 8.2ರ ಆಚೆ, ಆ ಬೂದು, ಹಸಿರಿನ ನಡುವೆ. ಅದನ್ನು ಹುಡುಕುವ ಕಣ್ಣು ನೇರಳೆ ಕಂಡ ಕೂಡಲೇ ‘ಬಂತು’ ಎಂದು ಬ್ಯುರೆಟ್ಟಿನ ತಿರುಪು ಮುಚ್ಚಿದರೆ ಆಶ್ಚರ್ಯವಿಲ್ಲ. ಪಕ್ಕದ ಬೀಕರಿನಲ್ಲಿ ಪಿಎಚ್ ಇಲೆಕ್ಟ್ರೋಡ್ ಅದ್ದಿಟ್ಟು ನೋಡಿದಾಗ ಆ ನೇರಳೆ ಎದ್ದು ಕಾಣುತ್ತಿದ್ದದ್ದು 6.4ರ ಆಸುಪಾಸಿನಲ್ಲಿ.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕಬಹುದು. ಸಿಟ್ರಿಕ್ ಆಮ್ಲಕ್ಕೆ ಬಿಟ್ಟುಕೊಡಲು ಮೂರು ಪ್ರೋಟಾನುಗಳಿವೆ, ಅವುಗಳ ಪಿಕೆಎ ಮೌಲ್ಯಗಳು (ಆ ಪ್ರೋಟಾನು ಅರ್ಧದಷ್ಟು ಬಿಟ್ಟುಹೋಗಿರುವ ಪಿಎಚ್) ಸುಮಾರು 3.1, 4.8 ಮತ್ತು 6.4. ಪಿಎಚ್ 6.4ರಲ್ಲಿ ನಿಲ್ಲಿಸಿದರೆ ಮೊದಲೆರಡು ಹೆಚ್ಚುಕಡಿಮೆ ಪೂರ್ತಿ ಹೋಗಿರುತ್ತವೆ, ಮೂರನೆಯದು ಅರ್ಧಕ್ಕೆ ನಿಂತಿರುತ್ತದೆ. ಮೂರರಲ್ಲಿ ಎರಡೂವರೆ. ಆರನೇ ಒಂದು ಭಾಗ ಹುಳಿ ಲೆಕ್ಕಕ್ಕೇ ಬಂದಿಲ್ಲ. 1.8ರಲ್ಲಿ ಆರನೇ ಒಂದು ಭಾಗ ಕಳೆದರೆ 1.5. ಮೊದಲ ಲ್ಯಾಬಿನವರು ಕೆಲಸ ಕೆಡಿಸಿದರು ಎಂದು ನಾನು ಹೇಳಲಾರೆ. ಅವರ ಬ್ಯುರೆಟ್ ಸರಿಯಿತ್ತು, ಕ್ಷಾರವೂ ಸರಿಯಿತ್ತು. ಈ ಸ್ಯಾಂಪಲ್ಲಿಗೆ ಹೊಂದದ ಸೂಚಕ ಆರಿಸಿದ್ದರು ಅಷ್ಟೆ.

ಮೀಟರ್ ಹೇಳಿದ್ದು

10 ಗ್ರಾಂ ಸಿರಪ್ ತೂಗಿ, ಕುದಿಸಿ ಆರಿಸಿದ ನೀರಿನಲ್ಲಿ 250 ಮಿಲಿಗೆ ಏರಿಸಿ, ಅದರಿಂದ 50 ಮಿಲಿ ತೆಗೆದುಕೊಂಡೆವು. ಅಂದರೆ ಬೀಕರಿನಲ್ಲಿ 2 ಗ್ರಾಂ ಸಿರಪ್. ನೀರನ್ನು ಕುದಿಸಿದ್ದು ಅದರಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಹೋಗಲಿ ಎಂದು. ಅದೂ ಆಮ್ಲವೇ, ಅದೂ ಕ್ಷಾರ ತಿನ್ನುತ್ತದೆ. ಗಾಜಿನ ಇಲೆಕ್ಟ್ರೋಡನ್ನು 4, 7 ಮತ್ತು 9.2ರ ಬಫರ್‌ಗಳಲ್ಲಿ ಹೊಂದಿಸಿದೆವು. ಒಂದು ಪಿಎಚ್‌ಗೆ 25 ಡಿಗ್ರಿಯಲ್ಲಿ 59.16 ಮಿಲಿವೋಲ್ಟ್ ಬರಬೇಕು ಎಂದು ಪುಸ್ತಕದಲ್ಲಿರುತ್ತದೆ. ಎಸಿ ಇಲ್ಲದ ಕರಾವಳಿಯ ಕೋಣೆಯಲ್ಲಿ ಉಷ್ಣತೆ 32 ದಾಟಿದರೆ ಅದು 60.5. ಮೀಟರಿಗೆ ಉಷ್ಣತೆ ತಿಳಿಸದಿದ್ದರೆ ಅದು ತನಗೆ ತೋಚಿದ ಲೆಕ್ಕ ಹಾಕಿಕೊಂಡು ಕೂರುತ್ತದೆ.

ಅಂತಿಮ ಬಿಂದುವಿನ ಹತ್ತಿರ ಓದಿದ ಅಂಕಿಗಳು ಇವು. ಎಡಕ್ಕೆ ಸುರಿದ ಕ್ಷಾರ, ಬಲಕ್ಕೆ ಪಿಎಚ್.

5.20 ಮಿಲಿ — 6.96
5.40 ಮಿಲಿ — 7.31
5.50 ಮಿಲಿ — 7.64
5.55 ಮಿಲಿ — 7.95
5.60 ಮಿಲಿ — 8.60
5.65 ಮಿಲಿ — 9.20
5.70 ಮಿಲಿ — 9.50

ಹಣ್ಣು, ತರಕಾರಿ ಪದಾರ್ಥಗಳ ಆಮ್ಲೀಯತೆಗೆ ಇರುವ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 750, ಇಲೆಕ್ಟ್ರೋಡ್ ಬಳಸುವಾಗ 8.1ಕ್ಕೆ ನಿಲ್ಲಿಸಿ ಎನ್ನುತ್ತದೆ. ಅದು ನಮಗೆ ಸಿಕ್ಕಿದ್ದು 5.56 ಮಿಲಿಯಲ್ಲಿ. ದಶಾಂಶ ನಾರ್ಮಲ್ ಕ್ಷಾರದ ಒಂದು ಮಿಲಿಗೆ 6.4 ಮಿಲಿಗ್ರಾಂ ಸಿಟ್ರಿಕ್ ಆಮ್ಲ. ಗುಣಿಸಿದರೆ 35.6 ಮಿಲಿಗ್ರಾಂ, 2 ಗ್ರಾಂ ಸಿರಪ್ಪಿಗೆ ಶೇಕಡಾ 1.78. ಎರಡನೆಯ ಲ್ಯಾಬ್ ಅದನ್ನು 1.8 ಎಂದು ಬರೆದಿತ್ತು. ನಮ್ಮದೇ ಪಟ್ಟಿಯಲ್ಲಿ ಪಿಎಚ್ 6.4 ದಾಟಿದ್ದು 4.67 ಮಿಲಿಯಲ್ಲಿ. ಅಲ್ಲೇ ಕೈ ನಿಲ್ಲಿಸಿದ್ದರೆ ಶೇಕಡಾ 1.49 ಬರುತ್ತಿತ್ತು. ಎರಡು ರಿಪೋರ್ಟುಗಳ ಜಗಳ ಅಲ್ಲಿಗೆ ಮುಗಿಯಿತು.

ಈ ಪಟ್ಟಿಯಲ್ಲಿ ನನಗೆ ಹೆಚ್ಚು ಇಷ್ಟವಾಗುವುದು ಇನ್ನೊಂದು ವಿಷಯ. 5.55ರಿಂದ 5.60ಕ್ಕೆ ಹೋಗುವಾಗ ಒಂದು ಹನಿಗೆ ಪಿಎಚ್ 0.65ರಷ್ಟು ಜಿಗಿಯುತ್ತದೆ. ಹೀಗಿರುವಾಗ ಮೀಟರ್ 0.2ರಷ್ಟು ತಪ್ಪು ತೋರಿಸಿದರೂ ಕ್ಷಾರದ ಲೆಕ್ಕದಲ್ಲಿ ಆಗುವ ತಪ್ಪು 0.015 ಮಿಲಿ ಅಷ್ಟೆ, ಶೇಕಡಾ ಕಾಲಿಗೂ ಸ್ವಲ್ಪ ಹೆಚ್ಚು. ಅದೇ ಪಿಎಚ್ 7ಕ್ಕೆ ನಿಲ್ಲಿಸುವ ಪದ್ಧತಿ ಇದ್ದಿದ್ದರೆ? ಅಲ್ಲಿ ರೇಖೆ ಮಲಗಿದೆ. 0.2ರ ತಪ್ಪು 0.11 ಮಿಲಿ ಆಗುತ್ತದೆ, ಶೇಕಡಾ 2. ವೈನ್ ಲೋಕದಲ್ಲಿ ಈ ಜಗಳ ಹಳೆಯದು: ಅಂತರರಾಷ್ಟ್ರೀಯ ವೈನ್ ಸಂಸ್ಥೆ ಒಐವಿ ಪಿಎಚ್ 7ಕ್ಕೆ ನಿಲ್ಲಿಸುತ್ತದೆ, ಅಮೆರಿಕದವರು 8.2ಕ್ಕೆ. ಒಂದೇ ಪೀಪಾಯಿಯ ವೈನಿಗೆ ಎರಡು ಸಂಖ್ಯೆ, ಎರಡೂ ಸರಿ.

ಪಿಎಚ್‌ನ ಯಾವ ಸಂಖ್ಯೆಯನ್ನೂ ನಂಬದೆ ಜಿಗಿತದ ಜಾಗವನ್ನಷ್ಟೇ ಹುಡುಕುವುದು ಇನ್ನೂ ಗಟ್ಟಿಯಾದ ದಾರಿ. ಪ್ರತಿ ಹೆಜ್ಜೆಯ ಪಿಎಚ್ ವ್ಯತ್ಯಾಸವನ್ನು ಸುರಿದ ಕ್ಷಾರದ ವ್ಯತ್ಯಾಸದಿಂದ ಭಾಗಿಸಿ ಗ್ರಾಫ್ ಎಳೆದರೆ ಶಿಖರ ಎಲ್ಲಿದೆಯೋ ಅದೇ ಸಮಬಿಂದು. ನಮ್ಮಲ್ಲಿ ಅದು 5.60ರ ಒಂದು ಕೂದಲಿನಷ್ಟು ಆಚೀಚೆ. ಇಲೆಕ್ಟ್ರೋಡ್ ಇಡೀ ರೇಖೆಯನ್ನು ಒಂದೇ ಸಮನೆ ಮೇಲಕ್ಕೋ ಕೆಳಕ್ಕೋ ತಳ್ಳಿದ್ದರೂ ಶಿಖರದ ಜಾಗ ಬದಲಾಗುವುದಿಲ್ಲ.

ಎಂಜಿನಿಯರಿಂಗ್ ಲ್ಯಾಬಿನ ಸುಂದರ ರೇಖೆ

ಕರ್ನಾಟಕದಲ್ಲಿ ಎಂಜಿನಿಯರಿಂಗ್ ಓದಿದವರಿಗೆ ಈ ಗ್ರಾಫ್ ಹೊಸದಲ್ಲ. ಮೊದಲ ವರ್ಷದ ರಸಾಯನಶಾಸ್ತ್ರ ಲ್ಯಾಬಿನಲ್ಲಿ ಎಫ್‌ಎಎಸ್ (ಫೆರಸ್ ಅಮೋನಿಯಂ ಸಲ್ಫೇಟ್) ದ್ರಾವಣಕ್ಕೆ ಪ್ಲಾಟಿನಮ್ ಮತ್ತು ಕ್ಯಾಲೊಮೆಲ್ ಇಲೆಕ್ಟ್ರೋಡ್ ಅದ್ದಿ, ಪೊಟ್ಯಾಸಿಯಂ ಡೈಕ್ರೋಮೇಟನ್ನು ಅರ್ಧರ್ಧ ಮಿಲಿ ಸುರಿದು ಮಿಲಿವೋಲ್ಟ್ ಬರೆದುಕೊಂಡವರೇ ಎಲ್ಲರೂ. (ಮೊದಲು ಗ್ರಾಫ್ ಎಳೆದು ಆಮೇಲೆ ರೀಡಿಂಗ್ ತುಂಬಿಸಿದವರೂ ಇದ್ದಾರೆ, ಅದು ಬೇರೆ ಮಾತು.) ಆ ಪ್ರಯೋಗದಲ್ಲಿ ವಿಭವ ನೂರಾರು ಮಿಲಿವೋಲ್ಟ್ ಜಿಗಿಯುತ್ತದೆ. ಬೀಕರಿನಲ್ಲಿ ಆಕ್ಸಿಡೀಕರಣಕ್ಕೆ ಸಿಗುವುದು ಫೆರಸ್ ಒಂದೇ, ಅಡ್ಡಿಪಡಿಸುವವರು ಯಾರೂ ಇಲ್ಲ. ಪಾಠಕ್ಕೆ ಅದು ಒಳ್ಳೆಯ ಆಯ್ಕೆ. ತೊಂದರೆ ಏನೆಂದರೆ, ಅಲ್ಲಿಂದ ಹೊರಬರುವ ವಿದ್ಯಾರ್ಥಿ ಎಲ್ಲ ಸ್ಯಾಂಪಲ್ಲಿಗೂ ರೇಖೆ ಹೀಗೇ ನೆಟ್ಟಗೆ ಏಳುತ್ತದೆ ಎಂದುಕೊಂಡಿರುತ್ತಾನೆ. ವೈವಾದಲ್ಲಿ ‘ಬಣ್ಣದ ದ್ರಾವಣಕ್ಕೂ ಬಳಸಬಹುದು, ಸೂಚಕ ಬೇಡ, ನಿಖರ’ ಎಂದು ಮೂರು ಗುಣ ಒಪ್ಪಿಸುತ್ತಾನೆ. ಮೂರೂ ನಿಜ. ಆದರೆ ಇಲೆಕ್ಟ್ರೋಡ್ ಎಣಿಸುವುದು ಯಾರ ಪ್ರೋಟಾನು ಎಂದು ಅಲ್ಲಿ ಯಾರೂ ಕೇಳುವುದಿಲ್ಲ, ಕೇಳಬೇಕಾದ ಪ್ರಸಂಗವೂ ಅಲ್ಲಿ ಇಲ್ಲ.

ಹಣ್ಣಿನ ರಸಕ್ಕೂ ಪಿಎಚ್ ಮೀಟರಿಗೂ ಇರುವ ನಂಟು ಮಾತ್ರ ಹಳೆಯದು. 1934ರಲ್ಲಿ ಕ್ಯಾಲಿಫೋರ್ನಿಯಾದ ಹಣ್ಣು ಬೆಳೆಗಾರರ ಸಹಕಾರ ಸಂಘದ (ಸನ್‌ಕಿಸ್ಟ್ ಬ್ರಾಂಡಿನವರು) ಲ್ಯಾಬಿನಲ್ಲಿದ್ದ ಗ್ಲೆನ್ ಜೋಸೆಫ್, ಲಿಂಬೆ ರಸದ ಆಮ್ಲೀಯತೆ ಅಳೆಯಲಾಗದೆ ಕ್ಯಾಲ್ಟೆಕ್‌ನಲ್ಲಿ ಪಾಠ ಮಾಡುತ್ತಿದ್ದ ಹಳೆಯ ಸಹಪಾಠಿ ಆರ್ನಲ್ಡ್ ಬೆಕ್‌ಮನ್ ಬಳಿ ಹೋದ. ರಸ ಕೆಡದಿರಲೆಂದು ಬೆರೆಸಿದ್ದ ಗಂಧಕದ ಡೈಆಕ್ಸೈಡ್ ಲಿಟ್ಮಸ್ಸಿನ ಬಣ್ಣವನ್ನು ಅಳಿಸುತ್ತಿತ್ತು, ಹೈಡ್ರೋಜನ್ ಇಲೆಕ್ಟ್ರೋಡಿಗೆ ವಿಷವಾಗುತ್ತಿತ್ತು. ಗಾಜಿನ ಇಲೆಕ್ಟ್ರೋಡ್ ಉಪಾಯ, ಆದರೆ ಅದರ ರೋಧ ಎಷ್ಟು ಹೆಚ್ಚೆಂದರೆ ಅಂದಿನ ಮೀಟರುಗಳಿಗೆ ಸಿಗುವಷ್ಟು ವಿದ್ಯುತ್ತೇ ಹರಿಯದು. ಬೆಕ್‌ಮನ್ ನಿರ್ವಾತ ಕವಾಟದ ಆಂಪ್ಲಿಫೈಯರ್ ಜೋಡಿಸಿಕೊಟ್ಟ. ಮರುವರ್ಷ ಅದು ಮಾರಾಟದ ಸರಕಾಯಿತು. ನಮ್ಮ ಮೇಜಿನ ಮೇಲಿನ ಪುಟ್ಟ ಮೀಟರಿನ ವಂಶ ಅದೇ.

ಮೀಟರ್ ಹೇಳದೆ ಉಳಿದದ್ದು

ಈಗ ಎರಡನೆಯ ಪ್ರಶ್ನೆ. ಪುನರ್ಪುಳಿಯ ಮುಖ್ಯ ಆಮ್ಲ ಸಿಟ್ರಿಕ್ ಅಲ್ಲ, ಹೈಡ್ರಾಕ್ಸಿಸಿಟ್ರಿಕ್. ಹೆಸರೇ ಹೇಳುವಂತೆ ಅದು ಸಿಟ್ರಿಕ್ ಆಮ್ಲಕ್ಕೆ ಒಂದು ಹೈಡ್ರಾಕ್ಸಿಲ್ ಗುಂಪು ಸೇರಿಸಿದ ತಮ್ಮ. ಇದಕ್ಕೂ ಮೂರು ಕಾರ್ಬಾಕ್ಸಿಲ್ ಗುಂಪುಗಳು. ಒಂದೇ ಬೀಕರಿನಲ್ಲಿ ಎರಡು ಆಮ್ಲಗಳಿದ್ದಾಗ ರೇಖೆಯಲ್ಲಿ ಎರಡು ಬೇರೆ ಬೇರೆ ಜಿಗಿತ ಕಾಣಬೇಕಾದರೆ ಅವುಗಳ ಪಿಕೆಎಗಳ ನಡುವೆ ಮೂರು ನಾಲ್ಕು ಘಟಕಗಳ ಅಂತರ ಬೇಕು. ಸಿಟ್ರಿಕ್ ಆಮ್ಲದ ಸ್ವಂತ ಮೂರು ಪ್ರೋಟಾನುಗಳ ನಡುವೆಯೇ 1.6ರಷ್ಟು ಅಂತರ, ಹಾಗಾಗಿ ಅವು ಮೂರೂ ಸೇರಿ ಒಂದೇ ಜಿಗಿತ. ಇನ್ನು ಅಣ್ಣ ತಮ್ಮಂದಿರನ್ನು ಬೇರ್ಪಡಿಸುವುದು ಎಲ್ಲಿಂದ? ಮೀಟರ್ ಎಷ್ಟೇ ದುಬಾರಿಯಾಗಲಿ, ಸ್ವಯಂಚಾಲಿತ ಟೈಟ್ರೇಟರ್ ತರಿಸಿ ಸಾವಿರ ಬಿಂದುಗಳ ರೇಖೆ ಎಳೆಯಲಿ, ರಸಾಯನಶಾಸ್ತ್ರ ಒಪ್ಪುವುದಿಲ್ಲ. ದುಬಾರಿ ಯಂತ್ರ ಮಾರುವವರು ಈ ಮಾತನ್ನು ತಾವಾಗಿ ಎತ್ತುವುದಿಲ್ಲ, ನಾವೇ ಕೇಳಬೇಕು.

‘ಸಿಟ್ರಿಕ್ ಆಮ್ಲದ ಲೆಕ್ಕದಲ್ಲಿ’ ಎಂಬ ಮಾತೂ ಹೀಗೆಯೇ ಬರೀ ಒಪ್ಪಂದ. ಅದೇ 5.56 ಮಿಲಿಯನ್ನು ಹೈಡ್ರಾಕ್ಸಿಸಿಟ್ರಿಕ್ ಲೆಕ್ಕದಲ್ಲಿ ಬರೆದರೆ, ಒಂದು ಮಿಲಿಗೆ 6.94 ಮಿಲಿಗ್ರಾಂ, ಶೇಕಡಾ 1.93 ಆಗುತ್ತದೆ. ವ್ಯಾಪಾರಿ ಮೂರನೆಯ ಸಂಖ್ಯೆ ನೋಡಿ ಇನ್ನಷ್ಟು ಗಾಬರಿಯಾಗುತ್ತಿದ್ದರೇನೋ.

ಇಲ್ಲಿಗೂ ಮುಗಿಯಲಿಲ್ಲ. ಪಿಎಚ್ 8 ದಾಟಿದ ಮೇಲೆ ಪ್ರತಿ ಹನಿಯ ನಂತರ ಮೀಟರಿನ ಅಂಕಿ ಏರಿ, ನಿಲ್ಲದೆ, ಮೆಲ್ಲಗೆ ಇಳಿಯುತ್ತಿತ್ತು. ಎರಡನೆಯ ದಶಮಾಂಶ ಒಂದೊಂದಾಗಿ ಜಾರುವುದು. ಮೊದಲ ಗುಮಾನಿ ಗಾಳಿಯ ಇಂಗಾಲದ ಡೈಆಕ್ಸೈಡ್ ಮೇಲೆ. ನೈಟ್ರೋಜನ್ ಹಾಯಿಸಿ ನೋಡಿದೆವು, ಜಾರುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಉಳಿದದ್ದಕ್ಕೆ ಕಾರಣ ಹುಡುಕಬೇಕಾದದ್ದು ಹಣ್ಣಿನಲ್ಲೇ. ಹೈಡ್ರಾಕ್ಸಿಸಿಟ್ರಿಕ್ ಆಮ್ಲ ತನ್ನಷ್ಟಕ್ಕೆ ಮಡಚಿಕೊಂಡು ಲ್ಯಾಕ್ಟೋನ್ ಆಗುತ್ತದೆ. ಸಿರಪ್ ಕಾಯಿಸುವಾಗ, ಸಿಪ್ಪೆ ಒಣಗಿಸುವಾಗ ಅದಕ್ಕೆ ಇನ್ನಷ್ಟು ಅನುಕೂಲ. ಲ್ಯಾಕ್ಟೋನಿನಲ್ಲಿ ಮೂರನೆಯ ಕಾರ್ಬಾಕ್ಸಿಲ್ ಉಂಗುರದೊಳಗೆ ಸಿಕ್ಕಿಕೊಂಡಿರುತ್ತದೆ, ಹಾಗಾಗಿ ತಣ್ಣಗೆ ಟೈಟ್ರೇಟ್ ಮಾಡಿದರೆ ಎಣಿಕೆಗೆ ಬರುವುದು ಎರಡೇ. ಕ್ಷಾರದಲ್ಲಿ ಉಂಗುರ ನಿಧಾನವಾಗಿ ಬಿಚ್ಚಿಕೊಂಡಾಗ ಹೊಸ ಆಮ್ಲ ಹೊರಬೀಳುತ್ತದೆ, ಪಿಎಚ್ ಇಳಿಯುತ್ತದೆ. ಜತೆಗೆ ಆಂಥೋಸಯನಿನ್ ಮತ್ತು ಇತರ ಫಿನಾಲುಗಳೂ ಈ ವಲಯದಲ್ಲಿ ಒಂದಿಷ್ಟು ಕ್ಷಾರ ಕುಡಿಯುತ್ತವೆ. ಜಿಗಿತದ ಮೇಲ್ತುದಿ ಮೊಂಡಾಗಿದ್ದಕ್ಕೆ ಅವೂ ಪಾಲುದಾರರು. ಹನಿಗೆ ಅರ್ಧ ನಿಮಿಷ ಕಾದು ಓದಬೇಕು, ಎಲ್ಲ ಸ್ಯಾಂಪಲ್ಲಿಗೂ ಅಷ್ಟೇ ಕಾಯಬೇಕು ಎಂದು ನಿಯಮ ಮಾಡಿಕೊಂಡೆವು. ಬೇರೆ ಲ್ಯಾಬ್ ಎರಡು ನಿಮಿಷ ಕಾದರೆ ಅವರ ಸಂಖ್ಯೆ ನಮ್ಮದಕ್ಕಿಂತ ಸ್ವಲ್ಪ ಹೆಚ್ಚಿಗೇ ಬರುತ್ತದೆ.

ಲ್ಯಾಕ್ಟೋನನ್ನೂ ಎಣಿಸಬೇಕೆಂದರೆ ಹೆಚ್ಚುವರಿ ಕ್ಷಾರ ಹಾಕಿ, ಬಿಸಿನೀರಿನ ಮೇಲಿಟ್ಟು ಉಂಗುರ ಬಿಚ್ಚಿಸಿ, ಉಳಿದ ಕ್ಷಾರವನ್ನು ಹೈಡ್ರೋಕ್ಲೋರಿಕ್ ಆಮ್ಲದಿಂದ ಹಿಂದಕ್ಕೆ ಟೈಟ್ರೇಟ್ ಮಾಡಬೇಕು. ಸಿರಪ್ಪಿನ ಮೇಲೆ ಇದನ್ನು ಮಾಡುವಂತಿಲ್ಲ. ಹುಳಿಯಲ್ಲಿ ಕುದಿದ ಸಕ್ಕರೆ ಒಡೆದು ಗ್ಲೂಕೋಸ್, ಫ್ರುಕ್ಟೋಸ್ ಆಗಿರುತ್ತದೆ, ಅವು ಬಿಸಿ ಕ್ಷಾರದಲ್ಲಿ ಮತ್ತೂ ಒಡೆದು ತಾವೇ ಆಮ್ಲ ಹುಟ್ಟಿಸುತ್ತವೆ. ಆದ್ದರಿಂದ ಸಕ್ಕರೆ ಸೋಕದ ಒಣಸಿಪ್ಪೆ ತರಿಸಿ, ಅದರ ಕಷಾಯದ ಮೇಲೆ ಎರಡೂ ಬಗೆಯಲ್ಲಿ ನೋಡಿದೆವು. ಬಿಸಿ ವಿಧಾನದ ಸಂಖ್ಯೆ ಹೆಚ್ಚು ಬಂತು. ಅದೂ ಪೂರ್ತಿ ನಂಬುವಂಥದ್ದಲ್ಲ, ಬಿಸಿ ಕ್ಷಾರದಲ್ಲಿ ಕಷಾಯ ಕಂದಾಗಿದ್ದು ನೋಡಿದರೆ ಫಿನಾಲುಗಳೂ ತಮ್ಮ ಪಾಲು ಕಬಳಿಸಿರಬೇಕು.

ಇನ್ನು ಸಂರಕ್ಷಕಗಳು. ಸೋಡಿಯಂ ಬೆಂಜೋಯೇಟ್ ಹಾಕಿದ್ದರೆ ಒಟ್ಟು ಆಮ್ಲೀಯತೆಯಲ್ಲಿ ವ್ಯತ್ಯಾಸವಾಗದು. ಅದು ಸಿರಪ್ಪಿನಲ್ಲಿ ಒಂದು ಪ್ರೋಟಾನು ಪಡೆದಿರುತ್ತದೆ, ಕ್ಷಾರ ಬಂದಾಗ ಅದನ್ನೇ ಮರಳಿಸುತ್ತದೆ. ಹಣ್ಣಿನ ರಸದವರೆಲ್ಲ ಕೆಎಂಎಸ್ ಎಂದು ಕರೆಯುವ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಹಾಗಲ್ಲ, ನೀರಿನಲ್ಲಿ ಬೈಸಲ್ಫೈಟ್ ಆಗಿ ಹೊಸ ಪ್ರೋಟಾನು ತರುತ್ತದೆ. ಕಿಲೋಗೆ 350 ಮಿಲಿಗ್ರಾಂ ಗಂಧಕದ ಡೈಆಕ್ಸೈಡ್ ಇದೆ ಎಂದುಕೊಂಡರೆ ಈ ಸಿರಪ್ಪಿನ ಹುಳಿಯಲ್ಲಿ ಹೆಚ್ಚೆಂದರೆ ಶೇಕಡಾ 2 ಅದರದೇ. ದೊಡ್ಡದಲ್ಲ, ಆದರೆ ಮೂರನೆಯ ದಶಮಾಂಶದವರೆಗೆ ರಿಪೋರ್ಟ್ ಬರೆಯುವವರು ನೆನಪಿಡಬೇಕು.

ಉಪ್ಪಿನ ಬಾಟಲಿ

ಅದೇ ಮಹಿಳೆ ಸಾರಿಗೆ ಬಳಸುವ ಉಪ್ಪು ಹಾಕಿದ ಪುನರ್ಪುಳಿ ರಸವನ್ನೂ ಮಾರುತ್ತಾರೆ. ಬಂದದ್ದು ಬಂದೆ, ಇದರ ಉಪ್ಪೂ ನೋಡಿ ಎಂದು ಅದನ್ನೂ ಇಟ್ಟರು. ಉಪ್ಪಿಗೆ ಕಲಿತ ದಾರಿ ಮೋರ್ ವಿಧಾನ: ಸಿಲ್ವರ್ ನೈಟ್ರೇಟ್, ಕ್ರೋಮೇಟ್ ಸೂಚಕ, ಇಟ್ಟಿಗೆಗೆಂಪು ಬಂದರೆ ನಿಲ್ಲಿಸು. ಕೆಂಪು ರಸದಲ್ಲಿ ಇಟ್ಟಿಗೆಗೆಂಪು ಯಾರಿಗೆ ಕಾಣುತ್ತದೆ? ಮೇಲಾಗಿ ಇಷ್ಟು ಹುಳಿಯಲ್ಲಿ ಆ ಸೂಚಕ ಕೆಲಸವನ್ನೇ ಮಾಡದು. ಗಾಜಿನ ಇಲೆಕ್ಟ್ರೋಡ್ ತೆಗೆದು ಬೆಳ್ಳಿಯ ತಂತಿ ಅದ್ದಿದೆವು, ಮೀಟರನ್ನು ಮಿಲಿವೋಲ್ಟಿಗೆ ತಿರುಗಿಸಿದೆವು. ರಸಕ್ಕೆ ಒಂದಿಷ್ಟು ನೈಟ್ರಿಕ್ ಆಮ್ಲ ಹಾಕಿ ಸಿಲ್ವರ್ ನೈಟ್ರೇಟ್ ಸುರಿದರೆ ಬಿಳಿ ಸಿಲ್ವರ್ ಕ್ಲೋರೈಡ್ ಮೊಸರಿನಂತೆ ಕಟ್ಟುತ್ತ ಹೋಗಿ, ಕ್ಲೋರೈಡ್ ಮುಗಿದ ಕೂಡಲೇ ವಿಭವ ಎದ್ದಿತು. ಒಂದೇ ಎಚ್ಚರ: ಸಾಮಾನ್ಯ ಕ್ಯಾಲೊಮೆಲ್ ಇಲೆಕ್ಟ್ರೋಡಿನಿಂದ ಪೊಟ್ಯಾಸಿಯಂ ಕ್ಲೋರೈಡ್ ಸೋರಿ ಬೀಕರಿಗೆ ಕ್ಲೋರೈಡ್ ಸೇರಿಸುತ್ತದೆ, ಹೊರಗಿನ ಕೋಶದಲ್ಲಿ ಪೊಟ್ಯಾಸಿಯಂ ನೈಟ್ರೇಟ್ ಇರುವ ಎರಡು ಕೋಶದ ಇಲೆಕ್ಟ್ರೋಡ್ ಬೇಕು. ಈ ವಿಧಾನದ ಚರಿತ್ರೆ ಶುರುವಾಗುವುದೂ ಹೆಚ್ಚುಕಡಿಮೆ ಇಲ್ಲಿಂದಲೇ. 1893ರಲ್ಲಿ ಜರ್ಮನಿಯ ರಾಬರ್ಟ್ ಬೆರೆಂಡ್ ಪಾದರಸದ ಇಲೆಕ್ಟ್ರೋಡ್ ಇಟ್ಟು ಮರ್ಕ್ಯುರಸ್ ನೈಟ್ರೇಟಿಗೆ ಹ್ಯಾಲೈಡುಗಳನ್ನು ಸುರಿದು ನೋಡಿದ್ದ.

ಆ ದಿನ ಕೆಲಸಕ್ಕಿಂತ ಹೆಚ್ಚು ಹೊತ್ತು ಹೋದದ್ದು ತೊಳೆಯುವುದರಲ್ಲಿ. ಸಿರಪ್ ಗಾಜಿನ ಬುರುಡೆಗೆ ಅಂಟಿದರೆ ಇಲೆಕ್ಟ್ರೋಡ್ ಮಂದವಾಗುತ್ತದೆ. ತಿರುಳಿನ ನಾರು ಸಂಧಿಯ ಸಣ್ಣ ತೂತಿಗೆ ಸಿಕ್ಕಿಕೊಂಡರೆ ಅಂಕಿ ಅಲೆಯತೊಡಗುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಉಜ್ಜದೆ ಟಿಶ್ಯೂವಿನಿಂದ ಒತ್ತಿ, 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡಿನಲ್ಲಿ ಇಡಬೇಕು. ಡಿಸ್ಟಿಲ್ಡ್ ವಾಟರಿನಲ್ಲಿ ಇಟ್ಟು ಇಲೆಕ್ಟ್ರೋಡ್ ಕೊಂದ ಲ್ಯಾಬುಗಳು ಬೇಕಾದಷ್ಟಿವೆ. ಫಿನಾಲ್ಫ್ತಲೀನ್ ಬಾಟಲಿಗೆ ಇಂಥ ಉಪಚಾರ ಬೇಕಿಲ್ಲ. ಲಿಂಬೆ, ಶುಂಠಿ ಸಿರಪ್ಪಿನಂಥ ತಿಳಿ ಸ್ಯಾಂಪಲ್ಲಿಗೆ ನಾನು ಈಗಲೂ ಆ ಬಾಟಲಿಯನ್ನೇ ಕೈಗೆತ್ತಿಕೊಳ್ಳುತ್ತೇನೆ, ಮೂರು ನಿಮಿಷದ ಕೆಲಸಕ್ಕೆ ಅರ್ಧ ಗಂಟೆಯ ಗ್ರಾಫ್ ಯಾಕೆ?

ರಿಪೋರ್ಟ್ ಬರೆದದ್ದು ಹೀಗೆ: ಒಟ್ಟು ಟೈಟ್ರೇಟ್ ಆಗುವ ಆಮ್ಲೀಯತೆ ಶೇಕಡಾ 1.8, ಪೊಟೆನ್ಶಿಯೊಮೆಟ್ರಿಕ್ ವಿಧಾನ, ಪಿಎಚ್ 8.1ರವರೆಗೆ, ಸಿಟ್ರಿಕ್ ಆಮ್ಲದ ಲೆಕ್ಕದಲ್ಲಿ. ಈ ಸಂಖ್ಯೆ ಸಿಟ್ರಿಕ್ ಆಮ್ಲದ ಪ್ರಮಾಣವಲ್ಲ. ಕೊನೆಯ ವಾಕ್ಯವನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದೆ. ವ್ಯಾಪಾರಿಗೆ ಫೋನಿನಲ್ಲಿ ಅದನ್ನು ಓದಿ ಹೇಳಿದಾಗ ಅವರು ಕೇಳಿದ್ದು, “ಹಾಗಾದ್ರೆ ಪುಡಿ ಎಷ್ಟು ಅಂತ ಯಾರು ಹೇಳ್ತಾರೆ?” ಅದಕ್ಕೆ ಎಚ್‌ಪಿಎಲ್‌ಸಿ ಇರುವ ಲ್ಯಾಬ್ ಬೇಕು. ಅಲ್ಲಿ ಆಮ್ಲಗಳು ಸ್ತಂಭದೊಳಗಿಂದ ಒಂದೊಂದಾಗಿ ಇಳಿಯುತ್ತವೆ, ಸಿಟ್ರಿಕ್, ಹೈಡ್ರಾಕ್ಸಿಸಿಟ್ರಿಕ್, ಅದರ ಲ್ಯಾಕ್ಟೋನ್ ಮೂರಕ್ಕೂ ಬೇರೆ ಬೇರೆ ಶಿಖರ. ಮೊಹರು ಹಾಕಿದ ನಾಲ್ಕನೆಯ ಬಾಟಲಿಯನ್ನು ಅಲ್ಲಿಗೆ ಕಳಿಸಿದೆವು, ಜತೆಗೆ ನಮ್ಮ ಟೈಟ್ರೇಶನ್ ಪಟ್ಟಿಯ ಪ್ರತಿಯನ್ನೂ ಇಟ್ಟೆವು. ಅವರ ಮೂರು ಶಿಖರಗಳ ಪ್ರೋಟಾನುಗಳನ್ನು ಕೂಡಿದರೆ ಬರುವ ಮೊತ್ತ ನಮ್ಮ 5.56 ಮಿಲಿಯ ಲೆಕ್ಕವನ್ನು ತುಂಬಾ ಮೀರಬಾರದು. ಮೀರಿದರೆ ಇಬ್ಬರಲ್ಲಿ ಒಬ್ಬರು ಮತ್ತೆ ಬಫರ್ ತೆಗೆಯಬೇಕಾಗುತ್ತದೆ.